ಉದ್ದ ಕೀಲಿಯ ಹ್ಞೂಂ

ಗಾಳಿ ಕಾವಲುಮನೆ, ಕೊಲ್ಹಾರದ ದಂಡೆ
ಫೆಬ್ರವರಿ ೩೦, ೨೩೧೮

ಹಿಂದಿನ ಕಾಲದವರಿಗೆ ಯಲಗೂರವ್ವ ಮಾಡುವ ಶರಣಾರ್ಥಿಗಳು.

ತಾರೀಖು ನೋಡಿ, ಈ ಮುದುಕಿಗೆ ಅರಳುಮರಳು ಎಂದು ಕಾಗದ ಮಡಚಿಡಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ತಿಂಗಳುಗಳನ್ನೆಲ್ಲ ಸಮ ಮಾಡಿ, ವರ್ಷದ ತುದಿಯನ್ನು ಉಗಾದಿಯ ಹತ್ತಿರಕ್ಕೆ ತಂದು, ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಬಿಟ್ಟಿದ್ದೇವೆ. ಅವಕ್ಕೆ ಬಿಡಿದಿನ ಎನ್ನುತ್ತೇವೆ. ಆಗ ಯಾರಿಗೂ ಕೆಲಸವಿಲ್ಲ, ಎಲ್ಲರೂ ತಮ್ಮತಮ್ಮವರ ಮನೆಗೆ ಹೋಗುತ್ತಾರೆ. ನಾಳೆ ಮೊದಲ ಬಿಡಿದಿನ. ಆದ್ದರಿಂದ ಈ ಕಾಗದವನ್ನು ಇವತ್ತು ಹೊತ್ತು ಮುಳುಗುವುದರೊಳಗೆ ಮುಗಿಸಬೇಕು. ನಿಮ್ಮ ಬರಹದ ಕನ್ನಡವನ್ನು ನಾನು ಹಳೆಯ ಬರಹಗಳನ್ನು ಓದಿ ಕಲಿತವಳು. ಎಲ್ಲಾದರೂ ಎಡವಿದ್ದರೆ, ನಡುವೆ ನಮ್ಮ ಕಾಲದ ಶಬ್ದ ನುಸುಳಿದ್ದರೆ, ಹೊಟ್ಟೆಗೆ ಹಾಕಿಕೊಳ್ಳಿ.

ಈ ಕಾಗದ ಬರುವ ದಾರಿಗೆ ಹಿಮ್ಮುಖ ಅಂಚೆ ಎಂದು ಹೆಸರು. ಅದು ಹೇಗೆ ನಡೆಯುತ್ತದೆ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಫೋನು ಹೇಗೆ ನಡೆಯುತ್ತಿತ್ತು ಎಂದು ನಿಮಗಾದರೂ ಗೊತ್ತಿತ್ತೇ? ಕಾವಲುಮನೆಯವರು ವರ್ಷಕ್ಕೊಂದು ಕಾಗದವನ್ನು ಹಿಂದಕ್ಕೆ ಹಾಕಬಹುದು ಎಂದು ಕಚೇರಿ ಅನುಮತಿ ಕೊಟ್ಟಿದೆ. ಹಾಕಿದ್ದು ತಲುಪಿತೆಂದು ಇದುವರೆಗೆ ಯಾರಿಗೂ ಮರುಮಾತು ಬಂದಿಲ್ಲ. ಹಾಗಾಗಿ ಹೆಚ್ಚಿನವರು ಆ ಗೋಜಿಗೆ ಹೋಗುವುದಿಲ್ಲ. ನಾನೂ ಇಷ್ಟು ವರ್ಷ ಹೋದವಳಲ್ಲ.

ನಾನು ಇಲ್ಲಿ ಒಬ್ಬಳೇ ಇರುತ್ತೇನೆ. ನಿಮ್ಮ ಕಾಲದಲ್ಲಿ ಈ ದಂಡೆಯ ಮೇಲೆ ನಿಂತರೆ ಕೃಷ್ಣೆಯ ಹಿನ್ನೀರು ಕಣ್ಣು ಹರಿದಷ್ಟು ದೂರ ಕಾಣುತ್ತಿತ್ತಂತೆ. ಕೊಲ್ಹಾರದ ಗಡಿಗೆ ಮೊಸರನ್ನು ಜನ ಗಾಡಿ ನಿಲ್ಲಿಸಿ ಕೊಳ್ಳುತ್ತಿದ್ದರಂತೆ. ಈಗ ಹೊಳೆಯನ್ನು ಮೇಲೆಯೇ ಕೊಳವೆಗೆ ತುಂಬಿಸಿ ಊರೂರಿಗೆ ಒಯ್ಯುತ್ತಾರೆ. ನೀರು ನಿಂತಿದ್ದ ಜಾಗ ಬಿಳಿ ಬಯಲಾಗಿದೆ. ಮೇಲೆ ಒಣಗಿ ಬಿರುಕು ಬಿಟ್ಟ ಮಣ್ಣು, ಅಡಿಯಲ್ಲಿ ಅಲ್ಲಲ್ಲಿ ಹುದುಲು. ಕಾಲಿಟ್ಟ ಆಡೊಂದು ಅರಚುತ್ತ ಅರಚುತ್ತ ಇಳಿದುಹೋದದ್ದನ್ನು ನಾನೇ ಕಂಡಿದ್ದೇನೆ. ಆಚೆ ದಂಡೆಯ ಕೊರ್ತಿಗೆ ಹೋಗುತ್ತಿದ್ದ ದೊಡ್ಡ ಸೇತುವೆ ಬಿದ್ದುಹೋಗಿ ಕಂಬಗಳಷ್ಟೇ ನಿಂತಿವೆ. ಈ ಬಯಲನ್ನು ದಾಟಿದವರನ್ನು ನಾನು ನೋಡಿಲ್ಲ.

ಬಯಲಿನಿಂದ ಏಳುವ ಧೂಳಿಗೆ ಬಿಳಿಗಾಳಿ ಎನ್ನುತ್ತೇವೆ. ಅದು ಎದ್ದದ್ದು ಕಂಡ ಕೂಡಲೇ ಕೊರ್ತಿಯ ಕಾವಲುಮನೆಗೆ ತಿಳಿಸುವುದು ನನ್ನ ಕೆಲಸ. ಅಲ್ಲಿಯವರು ಭೋಂಗಾ ಊದಿದರೆ ಆ ಕಡೆಯ ಊರುಗಳು ಬಾಗಿಲು ಹಾಕಿಕೊಳ್ಳುತ್ತವೆ. ಉಳಿದ ಹೊತ್ತೆಲ್ಲ ಧೂಳು ಗುಡಿಸುವುದು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದು, ರೊಟ್ಟಿ ಬಡಿಯುವುದು. ಜೋಳ ಒಂದು ನಮ್ಮ ಕೈ ಬಿಟ್ಟಿಲ್ಲ, ನೋಡಿ. ಶೇಂಗಾದ ಚಟ್ನಿಯೂ ಇದೆ. ಮೊಸರು ಎಂದರೆ ಹೇಗಿರುತ್ತದೆ ಎಂಬುದು ಮಾತ್ರ ನನಗೆ ಓದಿ ಗೊತ್ತು.

ಊರಲ್ಲಿ ಜನ ಮಾತಾಡುವುದು ಕಿವಿಬಿಲ್ಲೆಯಿಂದ. ಕಿವಿಯ ಹಿಂದೆ ಅಂಟಿಸಿಕೊಳ್ಳುವ ಸಣ್ಣ ಬಿಲ್ಲೆ ಅದು. ನೀವು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಎತ್ತಿಕೊಂಡು ಕೇಳುವವರ ತಲೆಗೆ ಮುಟ್ಟಿಸುತ್ತದೆ. ಆದರೆ ಬಿಳಿಗಾಳಿಯ ಧೂಳಿನಲ್ಲಿ ಒಂಥರಾ ಕರೆಂಟು ಇರುವುದರಿಂದ ಇಲ್ಲಿ ಬಿಲ್ಲೆ ಸತ್ತಂತೆ ಬಿದ್ದಿರುತ್ತದೆ. ಗಾಜಿನ ಹಲಗೆಯೂ ನಡೆಯುವುದಿಲ್ಲ. ಮುಟ್ಟಿದ್ದು ಬೆರಳೋ ಧೂಳೋ ತಿಳಿಯದೆ ಅದು ತನ್ನಷ್ಟಕ್ಕೆ ಬಡಬಡಿಸುತ್ತದೆ. ಏನೇನೋ ಮಾಡಿ ಸೋತ ಕಚೇರಿಯವರು ಕೊನೆಗೆ ನಿಮ್ಮ ಕಾಲದ ಎರಡು ಕೀಲಿಮಣೆಗಳನ್ನು ವಸ್ತುಸಂಗ್ರಹಾಲಯದಿಂದ ತಂದು, ಸೇತುವೆಯ ಕಂಬದಿಂದ ಕಂಬಕ್ಕೆ ತಂತಿ ಎಳೆದು, ಒಂದನ್ನು ಇಲ್ಲಿ, ಇನ್ನೊಂದನ್ನು ಕೊರ್ತಿಯಲ್ಲಿ ಇಟ್ಟರು. ಇವಕ್ಕೆ ಜೋಡಿಮಣೆ ಎಂದು ಹೆಸರು. ಈ ಕಾಗದವನ್ನೂ ನನ್ನ ಮಣೆಯಲ್ಲೇ ಕುಟ್ಟುತ್ತಿದ್ದೇನೆ. ಇಲ್ಲಿ ಒಂದು ಕೀಲಿ ಒತ್ತಿದರೆ ಅಲ್ಲಿ ಅದೇ ಕೀಲಿ ತಗ್ಗುತ್ತದೆ. ಎಷ್ಟು ಒತ್ತಿದರೆ ಅಷ್ಟೇ ತಗ್ಗುತ್ತದೆ. ಯಾವ ಕೀಲಿ ಬಿತ್ತು ಎಂದು ನೋಡುತ್ತ ಓದಿಕೊಳ್ಳುವುದು.

ಈ ಕೀಲಿಗಳ ಒಳಗಿನ ಸ್ವಿಚ್ಚುಗಳ ಬಗ್ಗೆ ನಿಮಗೆ ನಾನು ಹೇಳಬೇಕೇ? ಸಣ್ಣ ಡಬ್ಬಿ, ಒಳಗೊಂದು ಸ್ಪ್ರಿಂಗು, ತೆಳುವಾದ ತಗಡು, ಜಾರುವ ಒಂದು ತುಂಡು. ಒತ್ತುತ್ತ ಹೋದರೆ ನಡುದಾರಿಯಲ್ಲಿ ಬೆರಳಿಗೆ ಒಂದು ಉಬ್ಬು ತಾಗುತ್ತದೆ. ಉಬ್ಬು ದಾಟಿದೊಡನೆ ಟಕ್. ಅಕ್ಷರ ಬಿತ್ತು, ಇನ್ನು ಒತ್ತಬೇಡ ಎಂದು ಅದರ ಅರ್ಥ. ಬೆರಳು ತಳ ಮುಟ್ಟುವ ಮೊದಲೇ ಅದು ಹೇಳಿಬಿಡುತ್ತದೆ. ಎತ್ತುವಾಗ ಇನ್ನೊಂದು ಸಣ್ಣ ಟಿಕ್. ನಾನು ಇಲ್ಲಿಗೆ ಬಂದ ದಿನ ಮೊದಲ ಕೀಲಿ ಒತ್ತಿ ಬೆಚ್ಚಿ ಕೈ ಹಿಂದೆಗೆದೆ. ಹುಟ್ಟಿದಾಗಿನಿಂದ ನಾನು ಮುಟ್ಟಿದ ಯಾವ ಯಂತ್ರವೂ ತಿರುಗಿ ನನ್ನನ್ನು ಮುಟ್ಟಿರಲಿಲ್ಲ.

ನಿಮ್ಮ ಕಾಲದವರು ಈ ಸ್ವಿಚ್ಚುಗಳ ಮೇಲೆ ಮಾಡಿದ ಜಗಳಗಳನ್ನು ನಾನು ಓದಿದ್ದೇನೆ. ಕೆಂಪು ಬಣ್ಣದ ಸ್ವಿಚ್ಚು ಮೇಲು, ಜಾರಿದ ಹಾಗೆ ಇಳಿಯುತ್ತದೆ ಎಂದು ಒಬ್ಬ. ಕಂದು ಮೇಲು, ಉಬ್ಬು ಸಿಗುತ್ತದೆ, ಸದ್ದಿಲ್ಲ ಎಂದು ಇನ್ನೊಬ್ಬ. ಸದ್ದಿಲ್ಲದ ಮೇಲೆ ಒತ್ತಿ ಏನು ಸುಖ, ನೀಲಿಯೇ ಸೈ ಎಂದು ಮತ್ತೊಬ್ಬ. ಒಬ್ಬ ಪುಣ್ಯಾತ್ಮ ಒಂದೊಂದು ಸ್ವಿಚ್ಚನ್ನೂ ಬಿಚ್ಚಿ ಎಣ್ಣೆ ಹಚ್ಚಿ, ಅಡಿಗೆ ಸ್ಪಂಜು ಹಾಸಿ, ಅದರ ಸದ್ದನ್ನು ಊರಿಗೆಲ್ಲ ಕೇಳಿಸಿದ್ದಾನೆ. ಆಫೀಸಿನಲ್ಲಿ ಪಕ್ಕದ ಕುರ್ಚಿಯವನ ಟಕಟಕ ತಡೆಯಲಾರದೆ ದೂರು ಕೊಟ್ಟ ಹೆಣ್ಣುಮಗಳೊಬ್ಬಳ ಬರಹವೂ ಸಿಕ್ಕಿತು. ಸಿಟ್ಟು ಮಾಡಿಕೊಳ್ಳಬೇಡಿ, ಅದನ್ನು ಓದಿ ನನಗೆ ಹೊಟ್ಟೆಕಿಚ್ಚಾಯಿತು. ಕೈಗೆಟುಕುವಷ್ಟು ಹತ್ತಿರ ಒಬ್ಬ ಮನುಷ್ಯ ಕೂತು ಏನೋ ಬರೆಯುತ್ತಿದ್ದಾನೆ, ಅದು ನಿಮಗೆ ಕೇಳಿಸುತ್ತಿದೆ, ಮತ್ತು ಅದು ನಿಮಗೆ ಬೇಡವಾಗಿದೆ! ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ.

ಆಮೇಲೆ ಆದದ್ದನ್ನು ಹೇಳುತ್ತೇನೆ. ಮೊದಲು ನೀವು ಕೀಲಿಯ ಸದ್ದು ತೆಗೆದಿರಿ. ಆಮೇಲೆ ಕೀಲಿಯನ್ನೇ ತೆಗೆದು ಗಾಜು ಹಾಕಿದಿರಿ. ಗಾಜು ಮೂಕವಾಯಿತೆಂದು ಅದರೊಳಗೆ ಸುಳ್ಳು ಟಕ್ ಇಟ್ಟಿರಿ, ಅದೂ ಕಿರಿಕಿರಿಯಾಗಿ ಅದನ್ನೂ ಆರಿಸಿದಿರಿ. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಕಿವಿಬಿಲ್ಲೆ ಮಾಡಿದಾಗ, ಮಾತಿನ ನಡುವೆ ಬರುವ ಕೆಮ್ಮು, ನಿಟ್ಟುಸಿರು, ಆಂ, ಅಯ್ಯ, ಹ್ಞೂಂ ಎಲ್ಲವನ್ನೂ ಕಸ ಎಂದು ಸೋಸಿ ತೆಗೆಯುವಂತೆ ಮಾಡಿದರು. ಅರ್ಥ ಮಾತ್ರ ಬರುತ್ತದೆ, ಚೊಕ್ಕವಾಗಿ. ಕೇಳಿಸದ ಹ್ಞೂಂ ಅನ್ನುವುದೇಕೆ ಎಂದು ಜನ ಅದನ್ನು ಬಿಟ್ಟರು.

ನನಗೆ ಮಾತ್ರ ಹ್ಞೂಂ ಗೊತ್ತಿತ್ತು, ಯಾಕೆಂದರೆ ನಮ್ಮ ಆಯಿ, ಎಂದರೆ ಅಜ್ಜಿ, ಬಿಲ್ಲೆ ಹಚ್ಚಿಕೊಳ್ಳುತ್ತಿರಲಿಲ್ಲ. ಬಾಯಲ್ಲೇ ಕಥೆ ಹೇಳುತ್ತಿದ್ದಳು, ನಾನು ಹ್ಞೂಂಗುಟ್ಟಬೇಕು. ಸುಮ್ಮನಾದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. "ಹ್ಞೂಂ ಅನ್ನವಾ, ನಾ ಏನ್ ಗ್ವಾಡಿಗೆ ಹೇಳಾಕತ್ತೀನೇನು?" ಎಂದು ತೊಡೆಗೆ ಚಿವುಟುತ್ತಿದ್ದಳು. ಹೋದ ವರ್ಷದ ಬಿಡಿದಿನಗಳಲ್ಲಿ ವಿಜಾಪುರಕ್ಕೆ ತಮ್ಮನ ಮನೆಗೆ ಹೋದಾಗ, ಅವನ ಮಗಳು ನೀಲಾಂಬರಿ ಬಹಳ ಪ್ರೀತಿಯಿಂದ ತನ್ನ ಹೊಸ ಕೆಲಸದ ಸುದ್ದಿ ಹೇಳತೊಡಗಿದಳು. ನನಗೂ ಖುಷಿಯಾಗಿ ಅಭ್ಯಾಸಬಲದಿಂದ ಹ್ಞೂಂ ಅಂದೆ. ಅವಳು ತಟ್ಟನೆ ನಿಲ್ಲಿಸಿ, ಬಿಲ್ಲೆ ತೆಗೆದು, ಗಾಬರಿಯಿಂದ ಬಾಯಿಬಿಟ್ಟೇ ಕೇಳಿದಳು: "ಯಾಕತ್ತಿ, ಹೊಟ್ಟಿ ನೋಯಾಕತ್ತೇತೇನು?" ನಾನು ನರಳಿದೆ ಎಂದುಕೊಂಡಿದ್ದಳು. ಇಲ್ಲ ಎಂದರೂ ಬಿಡದೆ ಕುಡಿಯಲು ಕಷಾಯ ತಂದುಕೊಟ್ಟಳು. ಒಳ್ಳೆಯ ಹುಡುಗಿ. ನಾನು ಕಷಾಯ ಕುಡಿದೆ, ಮುಂದೆ ಅವಳು ಮಾತು ಮುಗಿಸುವ ತನಕ ಗೊಂಬೆಯಂತೆ ಕೂತಿದ್ದೆ. ಆ ಐದು ದಿನ ಮನೆ ತುಂಬ ಜನರಿದ್ದರು, ನನ್ನ ಬಯಲಿನಲ್ಲಿ ಇರುವುದಕ್ಕಿಂತ ಹೆಚ್ಚು ಒಂಟಿತನ ನನ್ನನ್ನು ತಿಂದಿತು.

ಇಷ್ಟು ಹೇಳಿದ ಮೇಲೆ ಕೊರ್ತಿಯ ದುಂಡಪ್ಪನ ವಿಷಯ ಹೇಳಬಹುದು. ಅವನು ಆಚೆ ದಂಡೆಯ ಕಾವಲುಗಾರ. ನಾನು ಅವನ ಮುಖ ನೋಡಿಲ್ಲ. ಬಿಡಿದಿನಕ್ಕೆ ನನ್ನ ಬಂಡಿ ವಿಜಾಪುರಕ್ಕೆ ಹೋದರೆ ಅವನದು ಬಾಗಲಕೋಟೆಗೆ. ಗಾಳಿಯ ಸುದ್ದಿ ಕಳಿಸಿ ಮುಗಿದ ಮೇಲೂ ಇಬ್ಬರಿಗೂ ಹೊತ್ತು ಹೋಗಬೇಕಲ್ಲ, ಹಾಗೆ ಮಾತು ಶುರುವಾಯಿತು. ಒಬ್ಬರು ಬರೆಯುವಾಗ ಇನ್ನೊಬ್ಬರು ಕೇಳುತ್ತಿದ್ದಾರೋ ಇಲ್ಲವೋ ಹೇಗೆ ತಿಳಿಯಬೇಕು? ಕೀಲಿಮಣೆಯ ಕೆಳಗಡೆ ಉದ್ದನೆಯ ಕೀಲಿಯೊಂದಿದೆಯಲ್ಲ, ಒತ್ತಿದರೆ ಯಾವ ಅಕ್ಷರವೂ ಬೀಳದೆ ಬರೀ ಜಾಗ ಬೀಳುವಂಥದು? ಅದನ್ನು ಅವನು ಒಂದು ಸಲ ಟಕ್ ಎನ್ನಿಸಿದ. ಆಯಿ ಹೋದ ಮೇಲೆ ನನಗೆ ಸಿಕ್ಕ ಮೊದಲ ಹ್ಞೂಂ ಅದು. ಅಂದಿನಿಂದ ಒಂದು ಟಕ್ ಎಂದರೆ ಹ್ಞೂಂ, ಎರಡು ಟಕ್ ಎಂದರೆ ಉಹ್ಞೂಂ, ಸುಳ್ಳು ಬಿಡಬೇಡ ಎಂದು.

ಎರಡು ಟಕ್ ನಾನೇ ಹೆಚ್ಚು ಹೊಡೆಯಬೇಕಾಗುತ್ತಿತ್ತು. ದುಂಡಪ್ಪನ ಬಡಾಯಿ ಅಷ್ಟಿಷ್ಟಲ್ಲ. ಪ್ರಾಯದಲ್ಲಿ ಒಂದು ಬುಟ್ಟಿ ರೊಟ್ಟಿ ಒಬ್ಬನೇ ತಿಂದಿದ್ದನಂತೆ, ಬಿಳಿಗಾಳಿಯ ಎದುರು ಎದೆ ಕೊಟ್ಟು ನಿಂತಿದ್ದನಂತೆ. ಹೆಂಡತಿ ತೀರಿಕೊಂಡದ್ದನ್ನು ಹೇಳಿದ ದಿನ ಮಾತ್ರ ಯಾವ ಬಡಾಯಿಯೂ ಇರಲಿಲ್ಲ. ಅವತ್ತು ನಾನು ಹ್ಞೂಂ ಅನ್ನುವುದನ್ನೂ ಮರೆತೆ. ಆಗ ಅವನು ಬರೆದ: "ಯಾಕ ಸುಮ್ಮನಾದಿ? ಹ್ಞೂಂ ಅನ್ನ, ಇಲ್ಲಾಂದ್ರ ನನಗ ಮುಂದ ಹೇಳಾಕ ಆಗೂದಿಲ್ಲ." ನಾನು ಟಕ್ ಎನ್ನಿಸಿದೆ. ಅವನು ಮುಂದುವರಿಸಿದ. ನನಗೆ ಅವನ ಮೇಲೆ ಮನಸ್ಸಿತ್ತೇ ಎಂದು ನೀವು ಕೇಳಬಹುದು. ಈ ವಯಸ್ಸಿನಲ್ಲಿ ಅದಕ್ಕೆ ಏನು ಹೆಸರಿಡಬೇಕೋ ತಿಳಿಯದು. ಬೆಳಿಗ್ಗೆ ಎದ್ದರೆ ಅವನಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ, ಅಷ್ಟು ನಿಜ.

ಹೋದ ಮಳೆಗಾಲದ ಹೊತ್ತಿಗೆ, ಮಳೆ ಬರದಿದ್ದರೂ ಹೆಸರು ಉಳಿದಿದೆ, ಅವನ ಬೆರಳು ಸೆಟೆಯತೊಡಗಿದವು. ಧೂಳು ಕುಡಿದು ಅವನ ಕೀಲಿಗಳೂ ಗಟ್ಟಿಯಾಗಿದ್ದವು. ಅವನು ಕೊನೆಯದಾಗಿ ಬರೆದ ಮಾತು ಇದು: "ಬೆರಳ ಕೈ ಕೊಟ್ಟಾವ ಯಲಗೂರಾ. ಇನ್ನ ಮ್ಯಾಲ ನೀ ಹೇಳು, ನಾ ಹ್ಞೂಂ ಅಂತೀನಿ." ಆಮೇಲೆ ಅವನಿಂದ ಒಂದಕ್ಷರ ಬರಲಿಲ್ಲ. ನಾನು ಹೇಳುತ್ತಿದ್ದೆ, ಉದ್ದ ಕೀಲಿ ಟಕ್ ಎನ್ನುತ್ತಿತ್ತು. ನನಗೆ ಅಷ್ಟೇ ಸಾಕಿತ್ತು.

ನನ್ನ ಚೀಲಗಳನ್ನು ತಂದುಹಾಕುವ ಬಂಡಿಯ ಲಾಲಸಾಬ ಈಚೆಗೊಮ್ಮೆ ಬಂದಾಗ ಹೊಸ್ತಿಲಲ್ಲಿ ನಿಂತು, ನಾನು ಕೀಲಿಮಣೆ ಕುಟ್ಟುವುದನ್ನು ನೋಡುತ್ತ ಅಂದ: "ಯಾರ ಕೂಡ ಮಾತಾಡಾಕತ್ತೀದಿ ಬೇ? ಕೊರ್ತ್ಯಾಗ ಈಗ ಮನಷ್ಯಾರ ಯಾರೂ ಇಲ್ಲಂತ. ಕಚೇರಿಯವ್ರು ಪೆಟ್ಟಿಗಿ ಇಟ್ಟಾರಂತ."

ಹ್ಞೂಂಪೆಟ್ಟಿಗೆಯ ಸುದ್ದಿ ನಾನೂ ಕೇಳಿದ್ದೆ. ಒಂದು ಕಡೆಯ ಕಾವಲುಗಾರ ಸತ್ತರೆ, ಇನ್ನೊಂದು ಕಡೆಯವರ ತಲೆ ಕೆಡಬಾರದೆಂದು ಅಲ್ಲಿ ಒಂದು ಪೆಟ್ಟಿಗೆ ಜೋಡಿಸುತ್ತಾರಂತೆ. ಮಾತು ನಿಂತಲ್ಲೆಲ್ಲ ಅದು ಉದ್ದ ಕೀಲಿಯನ್ನು ಟಕ್ ಎನ್ನಿಸುತ್ತದೆ. ಗಾಳಿಯ ಸುದ್ದಿ ಬಂದರೆ ಭೋಂಗಾವನ್ನೂ ಅದೇ ಊದುತ್ತದೆ.

"ಯಾರ ಹೇಳಿದ್ರು ನಿನಗ?" ಎಂದೆ.

"ಬಾಗಲಕೋಟಿ ಬಂಡಿಯಂವ ಅಂದ. ಚೀಲಾ ಬಾಗಲದಾಗ ಇಟ್ಟ ಬರ್ತಿದ್ನಂತ, ಒಳಗಿಂದ ಯಾರೂ ಹೊರಗ ಬಂದದ್ದ ನೋಡಿಲ್ಲಂತ."

"ಹಿಂದಿನ ಚೀಲಾ ಅಲ್ಲೇ ಬಿದ್ದಿದ್ದೂ ಏನು? ಅದನ್ನ ಕೇಳ್ಬೇಕಿಲ್ಲ?"

"ಕೇಳೂದು ನೆನಪಾಗ್ಲಿಲ್ಲ ಬೇ. ಈಗ ಅಂವ ಕೆಲಸಾ ಬಿಟ್ಟ ಹೋಗ್ಯಾನ."

ಕೇಳಬೇಕಾದ ಒಂದೇ ಮಾತನ್ನು ಮರೆತು ಬಂದಿದ್ದ. ಲಾಲಸಾಬನ ಕೈಯಲ್ಲಿ ಚೀಟಿ ಕಳಿಸಿ ಕಚೇರಿಗೆ ಕೇಳಿದೆ. ಕೊರ್ತಿಯಿಂದ ಹ್ಞೂಂ ಬರುತ್ತಿದೆಯಲ್ಲ, ಕಾವಲು ಸರಿಯಾಗಿದೆ ಎಂದು ಉತ್ತರ ಬಂತು. ಹ್ಞೂಂ ಅನ್ನುವುದು ಮನುಷ್ಯನೋ ಪೆಟ್ಟಿಗೆಯೋ ಎಂದು ಕೇಳಿದರೆ, ಅದರಿಂದ ಕೆಲಸಕ್ಕೇನು ವ್ಯತ್ಯಾಸ ಎಂದು ನನ್ನನ್ನೇ ಕೇಳಿದರು.

ಅಲ್ಲಿಂದ ನನ್ನ ನಿದ್ದೆ ಹಾರಿತು. ಎಷ್ಟು ದಿನದಿಂದ ಎರಡು ಟಕ್ ಬಂದಿಲ್ಲ ಎಂದು ಆಗ ಹೊಳೆಯಿತು. ಪರೀಕ್ಷೆ ಮಾಡಿಯೇ ಬಿಡೋಣ ಎಂದು, ಇವತ್ತು ಒಂದು ಗಡಿಗೆ ಮೊಸರು ತಿಂದೆ ಎಂದು ಬರೆದೆ. ಟಕ್. ಒಂದೇ ಸಲ. ಬಯಲಿನಲ್ಲಿ ನೀರು ಬಂದಿದೆ, ದೋಣಿ ಓಡುತ್ತಿವೆ ಎಂದೆ. ಟಕ್. ದುಂಡಪ್ಪನಾಗಿದ್ದರೆ ಕೀಲಿ ಮುರಿಯುವ ಹಾಗೆ ಉಹ್ಞೂಂ ಹೊಡೆಯುತ್ತಿದ್ದ. ಅಥವಾ ಎರಡು ಸಲ ಒತ್ತಲು ಅವನ ಬೆರಳಿಗೆ ಶಕ್ತಿಯಿಲ್ಲವೇ? ಅಥವಾ ಮುದುಕಿಗೆ ಮೊಸರಿನ ಕನಸು ಬಿದ್ದಿದೆ, ಯಾಕೆ ಕೆಡಿಸಲಿ ಎಂದು ಸುಮ್ಮನಿದ್ದಾನೆಯೇ? ಇಷ್ಟು ತಿಂಗಳಿಂದ ನನ್ನ ಸುಖದುಃಖವನ್ನೆಲ್ಲ ಪೆಟ್ಟಿಗೆಗೆ ಹೇಳಿಕೊಂಡೆನೇ ಎಂದು ಯೋಚಿಸಿದಾಗ ನನಗೆ ಅಳು ಬಂತು, ನಾಚಿಕೆಯೂ ಆಯಿತು. ಕಡೆಗೆ ಸಿಟ್ಟು ಬಂದು, ಯಾವ ಪೆಟ್ಟಿಗೆಗೂ ಮಾಡಲಾಗದ ಒಂದು ಕೆಲಸ ಹೇಳಿದೆ: "ದುಂಡಪ್ಪಾ, ನೀ ಮನಷ್ಯಾ ಇದ್ರ ಈಗ ಹ್ಞೂಂ ಅನಬ್ಯಾಡ."

ಬರೆದು ಕೈ ಎತ್ತಿ ಕೂತೆ. ಟಕ್ ಬರಲಿಲ್ಲ.

ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಎದ್ದು ಮನೆಯ ತುಂಬ ಓಡಾಡಿದೆ, ಒಬ್ಬಳೇ ನಕ್ಕೆ. ತಿರುಗಿ ಬಂದು ಕೂತು, "ಸಾಕಪ್ಪ, ಈಗ ಅನ್ನ" ಎಂದು ಬರೆದೆ. ಟಕ್ ಬರಲಿಲ್ಲ. ತಪ್ಪಾತು ಎಂದೆ, ನಿನ್ನ ಕಾಲಿಗೆ ಬೀಳ್ತೀನಿ ಎಂದೆ. ಬರಲಿಲ್ಲ. ಅಂದಿನಿಂದ ಇಂದಿನ ತನಕ ಬಂದಿಲ್ಲ.

ಇದಕ್ಕೆ ಏನೆಂದು ಅರ್ಥ ಮಾಡಲಿ? ನಮ್ಮ ಕಡೆಯ ಗಂಡಸರು ಸಿಟ್ಟು ಬಂದರೆ ಊಟ ಬಿಡುತ್ತಾರೆ. ಈತ ಹ್ಞೂಂ ಬಿಟ್ಟಿರಬಹುದು. ಪೆಟ್ಟಿಗೆಗೆ ಸಿಟ್ಟು ಬರುವುದಿಲ್ಲ, ಹಾಗಾಗಿ ಅವನು ಸಿಟ್ಟಾಗಿದ್ದರೆ ನನಗೆ ಅದಕ್ಕಿಂತ ಹೆಚ್ಚಿನ ಭಾಗ್ಯ ಬೇಡ. ಆದರೆ ಪೆಟ್ಟಿಗೆ ಅದೇ ಹೊತ್ತಿಗೆ ಸರಿಯಾಗಿ ಕೆಟ್ಟು ನಿಂತಿರಬಹುದು. ಇಲ್ಲವೇ ಇಷ್ಟು ದಿನ ಅಲ್ಲಿ ಇದ್ದವನು ದುಂಡಪ್ಪನೇ ಆಗಿದ್ದು, ನನ್ನ ಆ ಮಾತು ಮುಟ್ಟಿದ ಹೊತ್ತಿನಲ್ಲೇ ಅವನಿಗೆ ಏನಾದರೂ ಆಗಿರಬಹುದು. ಹ್ಞೂಂ ಅನಬ್ಯಾಡ ಎಂಬುದು ನಾನು ಅವನಿಗೆ ಹೇಳಿದ ಕೊನೆಯ ಮಾತಾದರೆ ನಾನು ಹೇಗೆ ಬದುಕಲಿ? ಕಚೇರಿಗೆ ತಿಳಿಸಿದ್ದೇನೆ. ಬಿಡಿದಿನ ಮುಗಿಯಲಿ, ನೋಡೋಣ ಎಂದಿದ್ದಾರೆ.

ನಿನ್ನೆ ಮಧ್ಯಾಹ್ನ ಆಡಿನ ಕೂದಲಿನ ಬ್ರಷ್ಷಿನಿಂದ ಕೀಲಿಗಳ ಸಂದಿಯ ಧೂಳು ತೆಗೆಯುತ್ತಿದ್ದೆ. ಉದ್ದ ಕೀಲಿ ಉಳಿದವುಗಳಿಗಿಂತ ಒಂದು ಕೂದಲೆಳೆಯಷ್ಟು ತಗ್ಗಿದಂತೆ ಕಂಡಿತು. ಕಣ್ಣಿನ ದೋಷವೆಂದು ಬೆರಳಿಟ್ಟೆ. ಕೀಲಿ ನಡುಗುತ್ತಿತ್ತು. ಉಬ್ಬಿನ ತನಕ ಬಂದು, ಅದನ್ನು ದಾಟಲಾರದೆ, ಹಿಂದಕ್ಕೂ ಹೋಗದೆ ಅಲ್ಲೇ ನಡುಗುತ್ತಿತ್ತು. ಆಚೆಯ ಮಣೆಯ ಮೇಲೆ ಒಂದು ಬೆರಳು ಇಟ್ಟಿದ್ದರೆ, ಆ ಬೆರಳಿಗೆ ಸೆಟೆದ ಕೀಲಿಯನ್ನು ಒತ್ತಿ ದಾಟಿಸುವ ತ್ರಾಣ ಇಲ್ಲದಿದ್ದರೆ, ಹೀಗೇ ಇರುತ್ತದೆ. ಕಂಬಗಳ ಮೇಲಿನ ತಂತಿ ಗಾಳಿಗೆ ಅಲುಗಿದರೂ ಹೀಗೇ ಇರುತ್ತದೆ. ನಿನ್ನೆ ಗಾಳಿ ಇತ್ತು, ಬಹಳವಲ್ಲ. ನಾನು ರೊಟ್ಟಿಗೆ ಎದ್ದು ಹೋಗದೆ ಸಂಜೆಯ ತನಕ ಆ ಕೀಲಿಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೆ. ಅದು ನಡುಗುತ್ತಲೇ ಇತ್ತು.

ಆದ್ದರಿಂದ ನಾಳೆ ಬೆಳಕು ಹರಿಯುತ್ತಲೇ ಬಯಲಿಗೆ ಇಳಿಯುತ್ತೇನೆ. ಬಂಡಿಯಲ್ಲಿ ಸುತ್ತುಬಳಸಿ ಹೋಗಲು ಬಹಳ ದಿನ ಬೇಕು, ಅಷ್ಟು ಕಾಯಲಾರೆ. ಲಾಲಸಾಬ ನನ್ನನ್ನು ವಿಜಾಪುರಕ್ಕೆ ಕರೆದೊಯ್ಯಲು ಬಂದರೆ ಬಾಗಿಲ ಮೇಲೆ ಇದ್ದಿಲಿನಿಂದ ಬರೆದದ್ದು ಕಾಣುತ್ತದೆ. ನೀಲಾಂಬರಿ ಕಷಾಯ ಕುದಿಸಿಕೊಂಡು ಕಾಯಬಾರದು ಎಂದು ಅದರಲ್ಲಿ ಬರೆದಿದ್ದೇನೆ. ಕಂಬದಿಂದ ಕಂಬಕ್ಕೆ, ಕೋಲಿನಿಂದ ಮುಂದಿನ ನೆಲ ಕುಟ್ಟಿ ನೋಡುತ್ತ ಹೋಗುತ್ತೇನೆ. ಕಂಬದ ಬುಡ ಗಟ್ಟಿಯಿರುತ್ತದೆ, ನಡುವಿನದು ದೇವರಿಗೆ ಬಿಟ್ಟದ್ದು. ಹೆದರಿಕೆಯಾಗುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಆಡು ಅರಚಿದ್ದು ಇನ್ನೂ ಕಿವಿಯಲ್ಲಿದೆ.

ಖಾಲಿ ಕೈಯಲ್ಲಿ ಹೋಗುವುದು ನಮ್ಮ ಪದ್ಧತಿಯಲ್ಲ. ನನ್ನ ಮಣೆಯ ಉದ್ದ ಕೀಲಿಯಡಿಯ ಸ್ವಿಚ್ಚು ನಿಮ್ಮ ಕಾಲದ ನೀಲಿ ಸ್ವಿಚ್ಚು. ಉಳಿದವೆಲ್ಲ ಧೂಳು ಕುಡಿದು ಗಟ್ಟಿಯಾಗಿವೆ, ಈ ಎರಡು ದಂಡೆಗಳಲ್ಲಿ ಹಗುರವಾಗಿ ಒತ್ತಲಾಗುವುದು ಅದೊಂದೇ, ಮಗು ಮುಟ್ಟಿದರೂ ಟಕ್ ಎನ್ನುತ್ತದೆ. ಬೇರೆ ಇಲ್ಲ, ಮಾಡುವವರೂ ಇಲ್ಲ. ಅದನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗಿ ಅವನ ಕೀಲಿಗೆ ಹಾಕಬೇಕೆಂದಿದ್ದೇನೆ. ಅವನು ಇದ್ದರೆ ಅವನ ಬೆರಳಿಗೆ ಸುಲಭವಾಗುತ್ತದೆ. ಅದನ್ನು ಕಿತ್ತ ಮೇಲೆ ನನ್ನ ಕೀಲಿ ತಳಕ್ಕೆ ಬಿದ್ದುಕೊಳ್ಳುತ್ತದೆ. ಆಮೇಲೆ ಅವನು ಒತ್ತಿದರೂ, ಹ್ಞೂಂ ಅಂದರೂ, ನನಗೆ ಗೊತ್ತಾಗುವುದಿಲ್ಲ. ಅಲ್ಲಿಗೆ ಹೋಗಿ ಕಣ್ಣಾರೆ ನೋಡುವ ತನಕ ನನಗೆ ಏನೂ ಗೊತ್ತಾಗುವುದಿಲ್ಲ. ಇವತ್ತೆಲ್ಲ ಇದಕ್ಕೇ ಮೀನಮೇಷ ಎಣಿಸುತ್ತ, ಈ ಕಾಗದವನ್ನು ಉದ್ದ ಮಾಡುತ್ತ ಕೂತಿದ್ದೇನೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಸ್ವಿಚ್ಚು ಕಳಿಸಿ ಎಂದು ಕೇಳುವುದಿಲ್ಲ. ನಿಮ್ಮ ಹತ್ತಿರ ಯಾರಾದರೂ ಏನಾದರೂ ಹೇಳುತ್ತಿದ್ದರೆ ಹ್ಞೂಂ ಅನ್ನಿ. ಹೇಳಿದ್ದನ್ನೇ ಹೇಳುತ್ತಿದ್ದರೂ ಅನ್ನಿ. ತಪ್ಪು ಜಾಗದಲ್ಲಿ ಅಂದರೂ ಪರವಾಗಿಲ್ಲ, ತೂಕಡಿಸುತ್ತ ಅಂದರೂ ನಡೆಯುತ್ತದೆ. ಆ ಕೆಲಸವನ್ನು ಪೆಟ್ಟಿಗೆಗೆ ಕೊಡಬೇಡಿ. ಅದು ಬಹಳ ಚೆನ್ನಾಗಿ ಮಾಡುತ್ತದೆ, ಒಂದು ಸಲವೂ ತಪ್ಪುವುದಿಲ್ಲ, ನನ್ನಂಥವಳು ತಿಂಗಳುಗಟ್ಟಲೆ ಮೋಸಹೋಗುತ್ತಾಳೆ. ಪಕ್ಕದ ಕುರ್ಚಿಯವನ ಕೀಲಿಮಣೆ ಟಕಟಕ ಎಂದರೆ, ನಾನು ಕೇಳಿದೆನೆಂದು, ಒಂದು ದಿನದ ಮಟ್ಟಿಗೆ ಸಹಿಸಿಕೊಳ್ಳಿ.

ಈ ಕಾಗದಕ್ಕೂ ನಿಮ್ಮಿಂದ ಟಕ್ ಬರುವುದಿಲ್ಲ ಎಂದು ನನಗೆ ಗೊತ್ತು. ಓದಿ ನೀವು ಹ್ಞೂಂ ಅಂದಿರಬಹುದು, ಇನ್ನೂರು ಮುನ್ನೂರು ವರ್ಷ ದಾಟಿ ಅದು ನನ್ನ ತನಕ ಬರಲಾರದು. ಆದರೂ ಬರೆದು ಮನಸ್ಸು ಹಗುರವಾಯಿತು. ಬರೆಯುವಾಗ ತಂತಿಯನ್ನು ನಾನು ಬಿಚ್ಚಿಲ್ಲ. ನಿಮಗೆ ಬರೆದದ್ದೆಲ್ಲ ಕಂಬದ ಮೇಲೆ ಹಾಯ್ದು ಕೊರ್ತಿಗೂ ಹೋಗಿದೆ. ಅವನು ಅಲ್ಲಿದ್ದರೆ ಬಡಾಯಿಯ ವಿಷಯವನ್ನೂ ಓದಿರುತ್ತಾನೆ. ಬೇಕಂತಲೇ ಬರೆದೆ. ಸಿಟ್ಟು ಇನ್ನಷ್ಟು ಏರಿ ಎರಡು ಟಕ್ ಹೊಡೆದಾನು ಎಂದು ಕಾದೆ. ಹೊಡೆಯಲಿಲ್ಲ. ಕೀಲಿ ಮಾತ್ರ ಈಗಲೂ ಒಂದು ಕೂದಲೆಳೆ ತಗ್ಗಿಯೇ ಇದೆ. ಹೊರಗೆ ಗಾಳಿ ನಿಂತು ಬಹಳ ಹೊತ್ತಾಯಿತು.

ಹೊತ್ತು ಮುಳುಗುತ್ತಿದೆ. ಕೀಲಿಯ ಟೊಪ್ಪಿಗೆ ತೆಗೆದಿದ್ದೇನೆ, ಇನ್ನು ಸ್ವಿಚ್ಚು ಕೀಳುತ್ತೇನೆ. ಆಮೇಲೆ ನಾನು ಬರೆಯುವ ಮಾತುಗಳ ನಡುವೆ ಜಾಗ ಇರುವುದಿಲ್ಲ. ಅವು ನಿಮಗಲ್ಲ, ಅವನಿಗೆ. ನೀವು ಓದಿಕೊಂಡರೆ ನನ್ನದೇನೂ ಅಭ್ಯಂತರವಿಲ್ಲ. ಶರಣು.

ದುಂಡಪ್ಪಾಬರಾಕತ್ತೀನಿ
ಬೆರಳತಗೀಬ್ಯಾಡ